ಪೂಲ್ ಮೇಜಿನ ಮುಂದೆ ನನ್ನ ಕತ್ತು

ನಾನು ಮದ್ದೂರಿನ ಹೈಸ್ಕೂಲೊಂದರಲ್ಲಿ ಗಣಿತದ ಮೇಡಂ. ಕೋನಗಳ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ, ಅಣ್ಣ ಪೂಲ್ ಮೇಜು ತರುವವರೆಗೆ.

ಅಣ್ಣನದು ಹಲಗೂರಿನಾಚೆ ತೋಟದ ಮನೆ. ಆಳು ಸಿಗದೆ ರೇಷ್ಮೆ ಸಾಕುವುದನ್ನು ಬಿಟ್ಟ ಮೇಲೆ ಹುಳುಮನೆ ಖಾಲಿ ಬಿದ್ದಿತ್ತು. ಮಂಡ್ಯದಲ್ಲಿ ಬಾಗಿಲು ಹಾಕಿದ ಕ್ಲಬ್ಬೊಂದರ ಹಳೇ ಮೇಜನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಬಂದು ಅಲ್ಲಿ ಇಳಿಸಿದ. ಅತ್ತಿಗೆ ವಾರವಿಡೀ ಅವನ ಜೊತೆ ಮಾತು ಬಿಟ್ಟರು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು, ಅದರಿಂದ ಬಣ್ಣದ ಚೆಂಡುಗಳನ್ನು ಮೇಜಂಚಿನ ತೂತುಗಳಿಗೆ ಬೀಳಿಸುವ ಆ ಆಟದ ಪಾಠವನ್ನು ಮೊಬೈಲಿನಲ್ಲಿ ನೋಡುತ್ತಾ ಕೂತಿದ್ದ. ಕೆಲವು ತಿಂಗಳಲ್ಲೇ ತಾನು ಗುರುವಾಗಿಬಿಟ್ಟೆ ಎಂದು ತೀರ್ಮಾನಿಸಿದ. ಗುರುವಿಗೆ ಶಿಷ್ಯರು ಬೇಕಲ್ಲ. ಭಾನುವಾರ ಬಾಡೂಟಕ್ಕೆಂದು ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದ ನಾನು ಸಿಕ್ಕಿಬಿದ್ದೆ.

ಮೊದಮೊದಲು ಕೋಲನ್ನು ಚೆಂಡಿಗೆ ತಾಗಿಸಲೂ ಬಿಡಲಿಲ್ಲ. "ನಿಂತ್ಕಳದ್ ಕಲಿ ಮೊದ್ಲು. ಒಡ್ಯದು ಆಮೇಲ್ ನೋಡಮ." ಗುರಿಯ ಗೆರೆ ಎಲ್ಲಿದೆ ಎಂದು ನಿಂತೇ ನೋಡಬೇಕು, ಬಗ್ಗಿದ ಮೇಲಲ್ಲ. ಬಲಗಾಲು ಆ ಗೆರೆಯ ಮೇಲೆ ಊರಬೇಕು, ಎಡಗಾಲು ಒಂದಿಷ್ಟು ಮುಂದೆ, ಪಕ್ಕಕ್ಕೆ. ಕೋಲು ಗಲ್ಲದ ಕೆಳಗೇ ಓಡಬೇಕು. ಹಿಂದಿನ ಕೈಯಲ್ಲಿ ಮೊಣಕೈಯಿಂದ ಕೆಳಗಿನ ಭಾಗ ಮಾತ್ರ ಗಡಿಯಾರದ ಲೋಲಕದ ಹಾಗೆ ಆಡಬೇಕು, ಭುಜ ಅಲ್ಲಾಡಕೂಡದು. ಹೊಡೆಯಬೇಕಾದ ಚೆಂಡಿಗೆ, ತೂತಿನ ಎದುರುಬದಿಯಲ್ಲಿ ಅಂಟಿಕೊಂಡಂತೆ ಇನ್ನೊಂದು ಚೆಂಡು ಇದೆಯೆಂದು ಕಲ್ಪಿಸಿಕೊಂಡು, ಆ ಇಲ್ಲದ ಚೆಂಡಿನ ಜಾಗಕ್ಕೆ ಬಿಳಿ ಚೆಂಡನ್ನು ಕಳಿಸಬೇಕು. ಇದಂತೂ ನನಗೆ ತಕ್ಷಣ ಅರ್ಥವಾಯಿತು, ಶುದ್ಧ ರೇಖಾಗಣಿತ. ಕಾಗದದ ಮೇಲೆ ಬರೆದೂ ತೋರಿಸಿದೆ.

"ಬರ್ದಿದ್ದು ಸರಿಯಾಗದೆ. ಈಗ ಒಡಿ."

ಹೊಡೆದೆ. ಚೆಂಡು ತೂತಿನ ಎಡಬದಿಗೆ ಬಡಿದು ವಾಪಸು ಬಂತು. ಮತ್ತೆ ಹೊಡೆದೆ, ಮತ್ತೆ ಎಡಕ್ಕೆ. ಎಡಕ್ಕೆ ಹೋಗುತ್ತದೆಂದು ಬಲಕ್ಕೆ ಗುರಿಯಿಟ್ಟರೆ ಆ ಹಾಳಾದ್ದು ನೆಟ್ಟಗೆ ಬಲಕ್ಕೇ ಹೋಗುತ್ತಿತ್ತು.

ಅಲ್ಲಿಂದ ಶುರುವಾಯಿತು ನನ್ನ ಗೋಳು. ಅಣ್ಣ ಪ್ರತಿ ಭಾನುವಾರ ಒಂದು ಹೊಸ ಕಾರಣ ಕಂಡುಹಿಡಿಯುತ್ತಿದ್ದ. ಒಮ್ಮೆ ಮೊಣಕೈ, ಒಮ್ಮೆ ಹೆಬ್ಬೆರಳು, ಒಮ್ಮೆ ನಾನು ಉಸಿರು ಬಿಡುವ ರೀತಿ. ಸೀರೆ ಉಟ್ಟರೆ ಕಾಲು ಅಗಲಿಸಲು ಆಗದು ಎಂದ. ಚೂಡಿದಾರ್ ಹಾಕಿಕೊಂಡು ಹೋದರೆ, ದುಪಟ್ಟಾ ಎಂದ. ಅದನ್ನೂ ತೆಗೆದಿಟ್ಟೆ. ನೀರಿನ ಟ್ಯಾಂಕರ್ ಬಿಡಲು ಬಂದವನು ಕೂಡ ಕಿಟಕಿಯಲ್ಲಿ ತಲೆ ತೂರಿಸಿ, "ಭುಜ ಎತ್ತಬ್ಯಾಡ ಕಣಮ್ಮ" ಎಂದು ಹೇಳಿಹೋದ. ನಮ್ಮ ಕಡೆ ಸಲಹೆಗೆ ಬರವಿಲ್ಲ, ಅದನ್ನು ಮೆಲ್ಲಗೆ ಹೇಳುವ ಪದ್ಧತಿಯೂ ಇಲ್ಲ.

"ಏಳಿದ್ ಕೇಳುಸ್ಕಳದೇ ಇಲ್ವಲ್ಲಮ್ಮಿ ನೀನು!" ಎಂದು ಅವನು ಕಿರುಚುತ್ತಿದ್ದ.

"ಕೇಳಿಸ್ತಿದೆ ಮಾರಾಯ, ಊರಿಗೇ ಕೇಳಿಸ್ತಿದೆ," ಎಂದು ನಾನೂ ಕಿರುಚುತ್ತಿದ್ದೆ.

ಒಂದು ಭಾನುವಾರ ಬೆಳಗ್ಗೆ ಕೋಲನ್ನು ಮೇಜಿನ ಮೇಲೆ ಎಸೆದು ಹೊರಟೇಬಿಟ್ಟಿದ್ದೆ. ಅಷ್ಟರಲ್ಲಿ ಕರೆಂಟು ಬಂತೆಂದು ಅಣ್ಣ ಪಂಪ್‌ಸೆಟ್ಟಿನ ಕಡೆ ಓಡಿದ. ಅತ್ತಿಗೆ ಅಲ್ಲೇ ಗೋಡೆಗೊರಗಿ ಅವರೆಕಾಯಿ ಸುಲಿಯುತ್ತಿದ್ದರು. "ಊಟ ಮಾಡ್ಕಂಡೇ ಓಗಿ. ಅಲ್ಲಿಗಂಟ ಸುಮ್ನೆ ಒಡೀತಿರಿ," ಎಂದರು. ಹೊತ್ತು ಕಳೆಯಲೆಂದು ಮತ್ತೆ ಕೋಲು ಹಿಡಿದೆ.

ಚೆಂಡು ತೂತಿಗೆ ಬಿತ್ತು. ಅದೃಷ್ಟ ಎಂದುಕೊಂಡೆ. ಇನ್ನೊಂದೂ ಬಿತ್ತು. ಒಂದೆರಡು ತಪ್ಪಿದವು, ಆದರೆ ಎಡಕ್ಕೇ ಹೋಗಬೇಕೆಂಬ ಹಟ ಅವಕ್ಕೆ ಇರಲಿಲ್ಲ. ಅಣ್ಣ ಒದ್ದೆ ಕಾಲಲ್ಲಿ ವಾಪಸು ಬಂದು ಎಂದಿನ ಹಾಗೆ ನನ್ನ ಎಡಕ್ಕೆ ನಿಂತು ಪಾಠ ಶುರುಮಾಡಿದ. ಬಲಗಡೆ ಹುಳುತಟ್ಟೆಯ ಸ್ಟ್ಯಾಂಡುಗಳು ಇನ್ನೂ ಹಾಗೇ ಇದ್ದುದರಿಂದ ಅವನಿಗೆ ನಿಲ್ಲಲು ಇದ್ದದ್ದು ಅದೊಂದೇ ಜಾಗ. ಚೆಂಡು ಮತ್ತೆ ಎಡಕ್ಕೆ ಹೋಯಿತು.

ಅತ್ತಿಗೆ ಮೊರ ಪಕ್ಕಕ್ಕಿಟ್ಟರು. "ನೀವು ಬಾಯ್ ತಗುದ್ರೆ ಸಾಕು, ಇವ್ರ ಕತ್ತು ನಿಮ್ ಕಡೀಕೆ ತಿರುಗ್ತದೆ. ಕತ್ತಿನ್ ಜೊತೆ ಭುಜಾನೂ ಓಯ್ತದೆ. ಆಗ್ಲಿಂದ ಅದ್ನೇ ನೋಡ್ತಿವ್ನಿ."

"ನಾನ್ಯಾಕೆ ಕತ್ತು ತಿರುಗಿಸ್ಲಿ?" ಎಂದು ರೇಗಿದೆ.

ಅಣ್ಣ ನನ್ನ ಕೈಯಿಂದ ಕೋಲು ಕಿತ್ತುಕೊಂಡ. ಆಮೇಲೆ ನನ್ನನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, "ಏನ್ ಕೇಳುಸ್ತು ಏಳು" ಎಂದ. ಕಾದೆ. ಏನೂ ಕೇಳಿಸಲಿಲ್ಲ. "ಶುರುಮಾಡು, ಎಷ್ಟೊತ್ತು ನಿಲ್ಲೋದು?" ಎಂದೆ. ತಿರುಗಿ ನೋಡಿದರೆ ಅವನು ನನ್ನ ಎಡಕಿವಿಯ ಪಕ್ಕದಲ್ಲೇ ಇದ್ದ. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

"ಕಿವಿ ತಾವೇ ಮೂರ್ ಸಲ ಪಿಸುಗುಟ್ದೆ ಕಣಮ್ಮಿ," ಎಂದ ಅಣ್ಣ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಆ ವಾರವೇ ಮಂಡ್ಯದ ಕಿವಿ ಡಾಕ್ಟರ ಹತ್ತಿರ ನನ್ನನ್ನು ಬೈಕಿನಲ್ಲಿ ಕರೆದುಕೊಂಡು ಹೋದ. ಅವರು ಎಡಕಿವಿಯ ಶಕ್ತಿ ಬಹುಪಾಲು ಹೋಗಿದೆ, ನಿನ್ನೆ ಮೊನ್ನೆಯದಲ್ಲ, ವರ್ಷಗಳಿಂದ ಸ್ವಲ್ಪ ಸ್ವಲ್ಪವೇ ಹೋಗಿದೆ ಎಂದರು. "ಇಷ್ಟು ದಿನ ಗೊತ್ತಾಗ್ಲಿಲ್ವಾ?" ಎಂದು ಕೇಳಿದರು. ಹೇಗೆ ಗೊತ್ತಾಗಬೇಕು? ಪಿಸುಗುಟ್ಟುವವರ ಮನೆಯಲ್ಲಿ ಹುಟ್ಟಿದ್ದರೆ ಗೊತ್ತಾಗುತ್ತಿತ್ತು. ಉಪ್ಪು ಬೇಕಾದರೂ ಪಕ್ಕದ ಹೊಲದವನನ್ನು ಕರೆದ ಹಾಗೆ ಕೂಗುವ ಜನ ನಾವು. ಕೇಳಿಸದಿದ್ದಾಗ ಒಳ್ಳೆಯ ಕಿವಿಯನ್ನು ಮುಂದೆ ಮಾಡಿ ಮಾಡಿ ನನ್ನ ಕತ್ತಿಗೆ ಅದೇ ಅಭ್ಯಾಸವಾಗಿಹೋಗಿತ್ತು. ಕ್ಲಾಸಿನಲ್ಲೂ ಹಾಗೆಯೇ ನಿಲ್ಲುತ್ತಿದ್ದೆನೋ ಏನೋ. ಗೆರೆ ನೆಟ್ಟಗೆ ಎಳೆಯಿರಿ ಎಂದು ಮಕ್ಕಳಿಗೆ ಹೇಳುವವಳು ಡೊಂಕಾಗಿ ನಿಂತಿದ್ದನ್ನು ಒಬ್ಬರಾದರೂ ಹೇಳಬಾರದಿತ್ತೆ? ಬೇಡದ್ದನ್ನೆಲ್ಲ ಹೇಳುವ ಊರು, ಇದೊಂದನ್ನು ನುಂಗಿಕೊಂಡಿತ್ತು. ಬೈಕಿನಲ್ಲಿ ಹಿಂದೆ ಕೂತು ಮದ್ದೂರಿನವರೆಗೂ ಸಿಟ್ಟಿನಲ್ಲೇ ಬಂದೆ. ಅದರಡಿಯಲ್ಲಿ ಹೆದರಿಕೆಯೂ ಇತ್ತು.

ಈಗ ಎಡಕಿವಿಗೆ ಯಂತ್ರ ಬಂದಿದೆ. ಫ್ಯಾನು, ಚಮಚ, ಪ್ಲಾಸ್ಟಿಕ್ ಚೀಲ, ಎಲ್ಲವೂ ತಲೆಯೊಳಗೇ ಸದ್ದು ಮಾಡಿದಂತಾಗುತ್ತದೆ. ಇದಕ್ಕಿಂತ ಕಿವುಡೇ ವಾಸಿ ಎಂದು ದಿನಕ್ಕೊಮ್ಮೆ ಅನ್ನುತ್ತೇನೆ. ಯಾರೂ ನನ್ನ ಮಾತಿಗೆ ಬೆಲೆ ಕೊಡುವುದಿಲ್ಲ. ಮುಂದಿನ ಸಲ ನಾನು ಹೋಗುವಷ್ಟರಲ್ಲಿ ಅಣ್ಣ ಬಲಗಡೆಯ ಸ್ಟ್ಯಾಂಡುಗಳನ್ನೆಲ್ಲ ಕಿತ್ತು ಹೊರಗೆ ಹಾಕಿ, ತಾನು ನಿಲ್ಲಲು ಜಾಗ ಮಾಡಿಕೊಂಡಿದ್ದ. 

ಕತ್ತನ್ನು ನೆಟ್ಟಗೆ ಇಟ್ಟುಕೊಳ್ಳಲು ಹೊಸದಾಗಿ ಕಲಿಯಬೇಕಾಯಿತು. ಈಗ ಗಲ್ಲ ಕೋಲಿನ ಮೇಲೆ ಬರುತ್ತದೆ, ಚೆಂಡುಗಳು ಬೀಳುತ್ತವೆ. ಹೋದ ಭಾನುವಾರ ಕೊನೆಯ ಕಪ್ಪು ಚೆಂಡು ತೂತಿನ ಬಾಯಲ್ಲೇ ಇತ್ತು. ಗೆರೆ ನೋಡಿದೆ, ಕಾಲೂರಿದೆ, ಬಗ್ಗಿದೆ. ಅಣ್ಣ ತುಟಿ ಬಿಚ್ಚಲಿಲ್ಲ. ಹೊಡೆದೆ. ತಪ್ಪಿತು.

"ಈಗೇನು? ಹೇಳು, ಕೇಳಿಸ್ತದೆ," ಎಂದೆ.

"ಏನ್ ಏಳ್ಲಿ? ಕಾಲು ಸರಿಯಾಗಿತ್ತು, ಕೈ ಸರಿಯಾಗಿತ್ತು, ಕತ್ತೂ ನೆಟ್ಟುಗಿತ್ತು," ಎಂದು ಕೋಲಿನ ತುದಿಗೆ ಸೀಮೆಸುಣ್ಣ ತಿಕ್ಕುತ್ತಾ ಅಂದ. "ನಿಂಗೆ ಆಟ ಬರಕಿಲ್ಲ, ಅಷ್ಟೇಯ."