ಎಳೆಯದೆ ಬಿಟ್ಟ ಕೈ

ಎರಡು ವರ್ಷದ ಹಿಂದೆ ಕಣಕಟ್ಟೆಯಲ್ಲಿ ಶಾಲಾ ಮಕ್ಕಳ ಕಬಡ್ಡಿ ಪಂದ್ಯವಿತ್ತು. ಎಂಟನೇ ಕ್ಲಾಸಿನ ನನ್ನ ಮಗಳು ಚೈತ್ರಾ ಆಡುತ್ತಾಳೆಂದು, ತೆಂಗಿನಕಾಯಿ ಕೀಳುವ ಕೆಲಸ ಬೇಗ ಮುಗಿಸಿ ಹೋಗಿದ್ದೆ.

ನಾನು ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆದರೆ ಕೈಯಲ್ಲಿ ಕಸುಬಿದೆ. ಮರ ಹತ್ತುವ ಕೆಲಸ ಒಂದು, ಸೋದರಮಾವನಿಂದ ಕಲಿತ ಕೀಲು ಕೂರಿಸುವ ವಿದ್ಯೆ ಇನ್ನೊಂದು. ಆಟದಲ್ಲಿ ಭುಜ ಜಾರಿದ, ಕಾಲು ಉಳುಕಿದ ಹುಡುಗರೆಲ್ಲ ನನ್ನ ಹತ್ತಿರವೇ ಬರುತ್ತಿದ್ದರು. ನಾನು ಎಳೆದು ಕೂರಿಸಿದ ನಮ್ಮೂರಿನ ರಂಗನ ಮೊಣಕೈ ಮಾತ್ರ ಸೊಟ್ಟಗೆ ಕೂತಿತ್ತು. ಅವನು ಪಥ್ಯ ಮಾಡಲಿಲ್ಲ ಎಂದುಬಿಟ್ಟಿದ್ದೆ.

ಅವತ್ತು ಚೈತ್ರಾ ರೈಡ್ ಹೋದಾಗ ಮೂವರು ಒಟ್ಟಿಗೆ ಹಿಡಿದರು. ಬೀಳುವಾಗ ಬಲಗೈ ಊರಿದಳು. “ಅಪ್ಪಾ!” ಎಂದ ಕೂಗಿಗೆ ಗೆರೆ ದಾಟಿ ಓಡಿದೆ. ನೋಡನೋಡುತ್ತಿದ್ದಂತೆ ಮೊಣಕೈ ಊದಿಕೊಂಡಿತು.

“ಕೀಲು ಜಾರೈತೆ. ಎಳೀಲಾ ಪರಮೇಶಿ, ನೋಡ್ತಾ ಕುಂತ್ಯಲ್ಲ!” ಎಂದರು ಸುತ್ತ ನಿಂತವರು.

ನಾನು ಮಂಡಿಯೂರಿ ಅವಳ ಮಣಿಕಟ್ಟು ಹಿಡಿದೆ. ಅಷ್ಟರಲ್ಲಿ ಎದುರು ತಂಡದ ಪಿ.ಟಿ. ಟೀಚರ್ ಓಡಿ ಬಂದು, “ಎಳೀಬೇಡ್ರೀ!” ಎಂದು ನನ್ನ ಕೈ ಹಿಡಿದರು.

“ನೀವು ವಿಸಿಲ್ ಊದಿ ಮೇಡಂ. ಕೀಲು ನನಗೆ ಬಿಡಿ,” ಎಂದೆ. ಯಾರೋ ನಕ್ಕರು.

ಆಕೆ ನಗಲಿಲ್ಲ. “ಜಾರಿರೋದೋ ಮುರಿದಿರೋದೋ ನಿಮ್ಮ ಕಣ್ಣಿಗೆ ಕಾಣುತ್ತಾ? ಮೊದ್ಲು ನಾಡಿ ನೋಡಿ.”

ನೋಡಿದೆ. ಸಿಗಲಿಲ್ಲ. ಬೆರಳುಗಳು ತಣ್ಣಗಿದ್ದವು. “ಯಾವ ಬೆರಳು ಮುಟ್ತಾ ಇದೀನಿ ಮಗಾ?”

“ಗೊತ್ತಾಗ್ತಿಲ್ಲ ಕಣಪ್ಪ. ಬೇಗ ಎಳೆದುಬಿಡು, ತಡೆಯಾಕಾಗಲ್ಲ.”

ಅವಳು ನನ್ನನ್ನು ಅಷ್ಟು ನಂಬಿದ್ದಳು. ಎಳೆಯಬೇಕೆಂದು ಕೈ ಬಿಗಿಯಾಯಿತು. ಆದರೆ ಆ ತಣ್ಣನೆ ಬೆರಳುಗಳು ಹೆದರಿಸಿದವು.

“ಈಗೇನ್ ಮಾಡ್ಲಿ ಮೇಡಂ?” ಎಂದೆ. ಹಾಗೆ ಯಾರನ್ನೂ ಕೇಳಿದವನಲ್ಲ ನಾನು.

“ಕೈ ಹೆಂಗಿದೆಯೋ ಹಂಗೇ, ಅಲ್ಲಾಡದಂತೆ ಕಟ್ಟಬೇಕು.”

ಬೈಕಿನಲ್ಲಿದ್ದ ಮಚ್ಚು ತಂದು, ಬೇಲಿ ಪಕ್ಕ ಬಿದ್ದಿದ್ದ ತೆಂಗಿನ ಗರಿಯ ಅಗಲವಾದ ಬುಡ ಕಡಿದೆ. ದೋಣಿಯಂಥ ಆ ಮಟ್ಟೆಗೆ ಬಟ್ಟೆ ಹಾಸಿದೆ. ಆಕೆ ಮೆಲ್ಲಗೆ ಕೈ ಮಲಗಿಸಿದರು. ಟವೆಲ್ ಹರಿದು ಮಟ್ಟೆ ಸಮೇತ ಕೈ ಸುತ್ತಿ ಕುತ್ತಿಗೆಗೆ ಕಟ್ಟಿದೆ.

ಟೆಂಪೋದಲ್ಲಿ ಅರಸೀಕೆರೆ ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ಬೆರಳು ಒತ್ತಿ, “ಗೊತ್ತಾಗುತ್ತೇನವ್ವಾ?” ಎಂದು ಕೇಳುತ್ತಿದ್ದೆ. ಅವಳು ತಲೆಯಾಡಿಸುತ್ತಿದ್ದಳು, ಇಲ್ಲವೆಂದು.

ಎಕ್ಸ್‌ರೇ ನೋಡಿದ ಡಾಕ್ಟರು, “ಕೀಲಲ್ಲ, ಮೊಣಕೈ ಮೇಲಿನ ಮೂಳೆ ಮುರಿದಿದೆ. ಮುರಿದ ತುದಿ ರಕ್ತನಾಳ ಒತ್ತುತ್ತಿದೆ. ಯಾರಾದ್ರೂ ಎಳೆದಿದ್ರೆ ಕೈಯೇ ಹೋಗ್ಬೋದಿತ್ತು,” ಎಂದರು. ಮಟ್ಟೆ ನೋಡಿ, “ಚೆನ್ನಾಗಿ ಕಟ್ಟಿದ್ದಾರೆ. ಯಾರು?” ಎಂದರು.

“ನಮ್ಮಪ್ಪ,” ಎಂದಳು ಚೈತ್ರಾ. ನಾನು ನೆಲ ನೋಡಿದೆ.

ಆಪರೇಷನ್ ಆಗಿ ಎಚ್ಚರವಾದ ಮೇಲೆ ಅವಳು ಕಿರುಬೆರಳು ಆಡಿಸಿದಾಗಲೇ ನಾನು ಕುರ್ಚಿಯ ಮೇಲೆ ಕುಳಿತದ್ದು.

ಈಗ ಯಾರೇ ಬರಲಿ, ಮಟ್ಟೆ ಕಟ್ಟಿ ಅರಸೀಕೆರೆಗೆ ಕಳಿಸುತ್ತೇನೆ. “ಏನ್ಲಾ, ಕಸುಬು ಮರೆತೋಯ್ತಾ?” ಎಂದು ಕಿಚಾಯಿಸುತ್ತಾರೆ. ಅನ್ನಲಿ ಬಿಡಿ.

ಆದರೆ ಒಂದು ಮಾತು ಒಳಗೇ ಕೊರೆಯುತ್ತಿತ್ತು. ಹೋದ ತಿಂಗಳು ರಂಗನ ಮನೆಗೆ ಹೋಗಿ, “ತಪ್ಪು ನಿನ್ನ ಪಥ್ಯದ್ದಲ್ಲ ಕಣೋ, ನಂದು,” ಎಂದೆ.

“ಗೊತ್ತು ಕಣಣ್ಣ, ಕುತ್ಕೋ,” ಎಂದವನೇ ಆ ಸೊಟ್ಟ ಕೈಯಲ್ಲೇ ಕಾಫಿ ಲೋಟ ಚಾಚಿದ.