ಹಾರಿಸಿದ್ದ ಪುಟ ತೋರಿಸಿಬಿಟ್ಟೆ

“ಮುಂದಿನ್ದು ಹೇಳ್ಬೇಡ ಕಣೋ! ಈಗ ತಾನೆ ಹಡಗು ಒಡೆದಿದೆ!” ಎಂದು ರೂಮ್‌ಮೇಟ್ ನಿಖಿಲ್ ಕೂಗಿದ. ಐರ್ಲೆಂಡಿನ ಲಿಮೆರಿಕ್‌ನ ನಮ್ಮ ಬಾಡಿಗೆ ಮನೆಯ ಸೋಫಾದಲ್ಲಿ ಕೂತು, ನಾನು ಕೊಟ್ಟ ಮುನ್ನೂರು ವರ್ಷ ಹಳೆಯ ಇಂಗ್ಲಿಷ್ ಕಾದಂಬರಿ ಓದುತ್ತಿದ್ದ. ದ್ವೀಪದಲ್ಲಿ ಒಂಟಿಯಾದ ನಾವಿಕನ ಆ ಕಥೆಯನ್ನು ನಾನು ಒಂಬತ್ತು ಸಲ ಓದಿದ್ದೇನೆ. ಅವನಿಗೆ ಮೊದಲ ಸಲ. ಅವನ ಬೆರಗು ನೋಡಿ ನನಗೆ ಹೊಟ್ಟೆ ಉರಿಯಿತು.

ಆ ಕಾಲದವರು ಇಡೀ ಕಥೆಯನ್ನೇ ಉದ್ದದ ಶೀರ್ಷಿಕೆಯಲ್ಲಿ ಬರೆದುಬಿಡುತ್ತಿದ್ದರು. ಪುಸ್ತಕ ಕಸಿದು, ಅವನು ಓದದೆ ಹಾರಿಸಿದ್ದ ಆ ಶೀರ್ಷಿಕೆ ಪುಟವನ್ನು ಅವನ ಕಣ್ಣೆದುರು ಹಿಡಿದೆ. “ಓದು. ಕೊನೆಗೆ ಕಡಲ್ಗಳ್ಳರ ದೆಸೆಯಿಂದ್ಲೇ ಪಾರಾಗಿ ಮನೆ ಸೇರ್ತಾನೆ.”

“ಬದುಕ್ತಾನಾ? ಗ್ರ್ಯಾಂಡ್! ಕಡಲ್ಗಳ್ಳರು ಮತ್ತೆ ಬರ್ತಾರಾ? ಕೊಡೋ ಇಲ್ಲಿ!” ಎಂದು ಕಿತ್ತುಕೊಂಡ.

ಅವನ ಖುಷಿ ಕೆಡಿಸಲು ಹೋಗಿ ಹೆಚ್ಚಿಸಿದ್ದೆ. ಎದುರು ಕೂತು ಅವನು ಪುಟ ತಿರುಗಿಸುವುದನ್ನೇ ನೋಡಿದೆ. ಇನ್ನೆಷ್ಟು ಸಲ ಓದಿದರೂ ಆ ಕಡಲ್ಗಳ್ಳರು ನನ್ನನ್ನು ಹಾಗೆ ಬೆಚ್ಚಿಬೀಳಿಸಲಾರರು.