ಅಕ್ಕನ ಬಾಟಲಿ, ನನ್ನ ಬಾಟಲಿ

ಅರವತ್ತರ ದಶಕದ ಮಾತು. ಸಿಂದಗಿಯ ನಮ್ಮ ಮನೆಯಲ್ಲಿ ಸಕ್ಕರೆ ಬೇನೆ ಇಬ್ಬರಿಗಿತ್ತು: ನನಗೆ ಮತ್ತು ನನ್ನ ನೆಗೆಣ್ಣಿಗೆ. ಗಂಡನ ಅಣ್ಣನ ಹೆಂಡತಿ ಆಕೆ. ನಾನು ಅಕ್ಕ ಎನ್ನುತ್ತಿದ್ದೆ. ದಿನಾ ಬೆಳಿಗ್ಗೆ ಕಂಪೌಂಡರ್ ಬರುವಷ್ಟರಲ್ಲಿ ಇಬ್ಬರ ಮೂತ್ರದ ಬಾಟಲಿಗಳು ಹಿತ್ತಲ ಕಟ್ಟೆಯ ಮೇಲಿರುತ್ತಿದ್ದವು. ಎಡಗಡೆ ಅಕ್ಕನದು, ಬಲಗಡೆ ನನ್ನದು. ಅವನು ನೀಲಿ ಔಷಧಕ್ಕೆ ಕೆಲವು ಹನಿ ಬೆರೆಸಿ ಸ್ಪಿರಿಟ್ ದೀಪದ ಮೇಲೆ ಕಾಸುತ್ತಿದ್ದ. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಇಟ್ಟಂಗಿ ಬಣ್ಣಕ್ಕೆ ತಿರುಗಿದರೆ ಬಹಳ. ಬಣ್ಣ ನೋಡಿಯೇ ಸೂಜಿಯ ಔಷಧ ಹೆಚ್ಚು ಕಡಿಮೆ ಮಾಡುತ್ತಿದ್ದ.

ಅಕ್ಕನದು ಸದಾ ನೀಲಿ, ನನ್ನದು ಸದಾ ಇಟ್ಟಂಗಿ. ಆಕೆ ಎರಡೇ ಜೋಳದ ರೊಟ್ಟಿ ಉಂಡು ಏಳುತ್ತಿದ್ದಳು. ನಾನೂ ಎಲ್ಲರೆದುರು ಎರಡೇ ಉಣ್ಣುತ್ತಿದ್ದೆ. ಆಮೇಲೆ ಅಡುಗೆಮನೆಯಲ್ಲಿ ಶೇಂಗಾ ಹೋಳಿಗೆ. ಕಾಳು ತೂಗುವ ಅಡತಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದಾಗ ಆಕೆ ಇಳಿದಿದ್ದಳು, ನಾನು ಏರಿದ್ದೆ.

"ಆಕಿನ್ನ ನೋಡಿ ಕಲಕೋ. ನಾಲಗಿ ಕಟ್ಟಾಕ ಬರೂದಿಲ್ಲೇನ ನಿನಗ?" ಎಂದು ಅತ್ತೆ ಕಂಪೌಂಡರನ ಎದುರಿಗೇ ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನವಾದರೂ ಆ ಬಾಯಿಂದ ನನಗೊಂದು ಒಳ್ಳೆಯ ಮಾತು ಬರಲಿ, ಅಷ್ಟೇ ನನ್ನ ಆಸೆ.

ಒಂದು ಸೋಮವಾರ ಬಾಟಲಿಗಳನ್ನು ಅದಲುಬದಲು ಮಾಡಿಟ್ಟೆ.

ನನ್ನದು ನೀಲಿಯಾಯಿತು, ಅಕ್ಕನದು ಕೆಂಪು. "ಏನ ತಿಂದ್ರಿ ಅಕ್ಕಾರ?" ಎನ್ನುತ್ತ ಕಂಪೌಂಡರ್ ಆಕೆಗೆ ಔಷಧ ಹೆಚ್ಚು ಮಾಡಿ ಚುಚ್ಚಿದ. ಅಕ್ಕ ಬೆಪ್ಪಾಗಿ ನಿಂತಳು. ಆ ಮುಖ ಕಂಡು ಹಿಗ್ಗಿದೆ, ಸುಳ್ಳೇಕೆ ಹೇಳಲಿ.

ಸೂಜಿಯ ನಂತರ ಬೇಗ ಉಣ್ಣಬೇಕು. ಆದರೆ ಲಿಂಗಪೂಜೆ ಮುಗಿಯದೆ ಅಕ್ಕ ಏನೂ ಮುಟ್ಟುವವಳಲ್ಲ, ಸೋಮವಾರ ಪೂಜೆಯೂ ಉದ್ದ. ದೇವರ ಜಗುಲಿಯ ಮುಂದೆ ಕುಳಿತವಳು ಬೆವರಿದಳು, ಕೈ ನಡುಗಿತು, ಹಾಗೇ ಉರುಳಿದಳು. ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿಯಿತು: ಔಷಧ ಹೆಚ್ಚಾಗಿ ಮೈಯೊಳಗಿನ ಸಕ್ಕರೆ ಪೂರಾ ಇಳಿದಿತ್ತು. ಹೀಗಾದರೆ ಬೆಲ್ಲ ಕೊಡಬೇಕೆಂದು ಕಂಪೌಂಡರ್ ಹಿಂದೊಮ್ಮೆ ಹೇಳಿದ್ದ. ಓಡಿ ಹೋಗಿ ತಂದು, ಪುಡಿ ಮಾಡಿ, ಆಕೆಯ ತುಟಿಯೊಳಗೆ ತಿಕ್ಕಿದೆ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು.

"ನೀ ಇದ್ದಿ ಅಂತ ಆಕಿ ಉಳದ್ಲು ನೋಡವ್ವಾ. ಶಾಣ್ಯಾಕಿ ನನ್ನ ಸೊಸಿ," ಎಂದು ಅತ್ತೆ ನನ್ನ ತಲೆ ಸವರಿದರು. ಅಷ್ಟು ವರ್ಷ ಕಾದಿದ್ದ ಮಾತು. ಅಕ್ಕ ಮಲಗಿದಲ್ಲಿಂದಲೇ ನನ್ನನ್ನು ನೋಡುತ್ತಿದ್ದಳು.

ಮರುದಿನ ಆಕೆಯ ಬಾಟಲಿಯ ಕೊರಳಿಗೆ ಕರಿದಾರ ಕಟ್ಟಿತ್ತು. ಯಾಕೆಂದು ಕಂಪೌಂಡರ್ ಕೇಳಿದ.

"ಗುರ್ತಿಗೆ ಇರ್ಲಿ ಅಂತ್ರಿ," ಅಂದಳು ಅಕ್ಕ.

ಸಾಯುವತನಕ ಯಾರೆದುರೂ ಆಕೆ ಬಾಯಿ ಬಿಡಲಿಲ್ಲ. ಆ ದೊಡ್ಡತನ ಕಂಡು ನಾಚಿಕೆಯಾಗಬೇಕಿತ್ತು ನನಗೆ. ಬದಲಿಗೆ ಅದಕ್ಕೂ ಹೊಟ್ಟೆಕಿಚ್ಚು ಪಟ್ಟೆ.